ಅವಳಿ ನಗರದ ಆಟಿಕೆ ನಕ್ಷೆ: ಮೂರನೆಯ ತಿಂಗಳ ದಾಖಲೆ

ಕಾರಹುಣ್ಣಿಮೆಯ ವಾರ

ಹಳೆಯ ಆಟಿಕೆಗಳನ್ನು ಜೋಡಿಸಿ ಅವಳಿ ನಗರದ ನಕ್ಷೆಯಾಗಿ ನಾನು ಮಾಡುತ್ತಿರುವ ಶಿಲ್ಪದ ಹಲಗೆ ಕೊನೆಗೂ ಪಡಸಾಲೆಗೆ ಬಂದಿದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಈ ಪ್ಲೈವುಡ್ ಮೇಲೆ ಹುಬ್ಬಳ್ಳಿ ಮತ್ತು ಧಾರವಾಡ ಎರಡನ್ನೂ ಹಿಡಿಸಬೇಕಾದ್ದರಿಂದ ಒಂದು ಸೆಂಟಿಮೀಟರಿಗೆ ನೂರು ಮೀಟರಿನ ಪ್ರಮಾಣ ಇಟ್ಟುಕೊಂಡಿದ್ದೇನೆ. ಎಡತುದಿಗೆ ಧಾರವಾಡ, ಬಲತುದಿಗೆ ಹುಬ್ಬಳ್ಳಿ, ನಡುವೆ ನವನಗರ. ಹೀಗಾಗಿ ಉತ್ತರ ದಿಕ್ಕು ಎಡಗಡೆಯ ಮೇಲ್ಮೂಲೆಗೆ ಸರಿದಿದೆ. ನೆರೆಹೊರೆಯ ಮನೆಗಳಿಂದಲೂ ಗುಜರಿ ಅಂಗಡಿಯಿಂದಲೂ ಕೂಡಿಸಿದ ಆಟಿಕೆಗಳು ನಾಲ್ಕು ಗೋಣಿಚೀಲ ತುಂಬಿವೆ.

ಪ್ರಮಾಣದ ಲೆಕ್ಕವೇ ಮೊದಲ ಸೋಜಿಗವನ್ನು ಕೊಟ್ಟಿತು. ಏಳು ಸೆಂಟಿಮೀಟರಿನ ಒಂದು ಪುಟ್ಟ ಕಾರು ಈ ನಕ್ಷೆಯಲ್ಲಿ 700 ಮೀಟರ್ ನೆಲವನ್ನು ನುಂಗುತ್ತದೆ. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರಂ ಎರಡು ಕಾರುಗಳನ್ನು ಹಿಂದೆ ಮುಂದೆ ನಿಲ್ಲಿಸಿದರೆ ಬಹುಮಟ್ಟಿಗೆ ತುಂಬಿಹೋಗುತ್ತದೆ. ಎರಡೂ ನಗರಗಳ ನಡುವೆ ಚಿಗರಿ ಹೆಸರಿನ ಬಸ್ಸು ಓಡುವ ಸುಮಾರು 22 ಕಿಲೋಮೀಟರಿನ ಮಾರ್ಗಕ್ಕೆ ಮೂವತ್ತೊಂದು ಕಾರು ಸಾಕು. ನನ್ನ ಚೀಲಗಳಲ್ಲಿ ಅದರ ಎರಡರಷ್ಟಿವೆ.

ಮರುವಾರ

ಅಂಟಿನೊಡನೆ ನಾಲ್ಕು ದಿನ ಕಳೆದವು. ಆಟಿಕೆಗಳೆಲ್ಲ ಒಂದೇ ಪ್ಲಾಸ್ಟಿಕ್ ಎಂದುಕೊಂಡಿದ್ದು ನನ್ನ ತಪ್ಪು. ಬಕೆಟ್ಟಿನ ನೀರಿಗೆ ಚೂರುಗಳನ್ನು ಹಾಕಿ ನೋಡಿದರೆ ಪಾಲಿಪ್ರೊಪಿಲೀನ್ ಮತ್ತು ಪಾಲಿಎಥಿಲೀನ್ ತೇಲುತ್ತವೆ, ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಮುಳುಗುತ್ತದೆ. ಮುಳುಗಿದವುಗಳ ಅಂಚಿಗೆ ಅಸಿಟೋನ್ ಸವರಿದಾಗ ಮೇಲ್ಮೈ ಕರಗಿ ಒಂದಕ್ಕೊಂದು ಬೆಸೆದುಕೊಂಡರೆ ಅದು ಎಬಿಎಸ್ ಇರಬಹುದೆಂದು ಬೇರೆ ಇಡುತ್ತೇನೆ. ತೇಲಿದವುಗಳಿಗೆ ಸಾಮಾನ್ಯ ಅಂಟು ಯಾವುದೂ ನಿಲ್ಲುವುದಿಲ್ಲ; ಒಣಗಿದ ಮೇಲೆ ಉಗುರಿನಿಂದ ಎಬ್ಬಿಸಿದರೂ ಪದರವಾಗಿ ಕಿತ್ತು ಬರುತ್ತದೆ. ಅವಕ್ಕೆ ಈಗ ತೂತು ಕೊರೆದು, ಗಾರೆಯವರು ಸರಳು ಕಟ್ಟುವ ಬೈಂಡಿಂಗ್ ತಂತಿಯಿಂದ ಹಲಗೆಗೆ ಬಿಗಿಯುತ್ತಿದ್ದೇನೆ. ಹಿಂಬದಿಯಲ್ಲಿ ತಂತಿಯ ಗಂಟುಗಳು ನೆಗ್ಗಿಲಮುಳ್ಳಿನಂತೆ ಎದ್ದಿವೆ.

ಬಣ್ಣದ ಪ್ರಕಾರ ವಿಂಗಡಿಸಿದ ಮೊದಲ ಜೋಡಣೆಯನ್ನು ಕಿತ್ತುಹಾಕಿದೆ. ಬ್ರಿಟನ್ನಿನ ಶಿಲ್ಪಿ ಟೋನಿ ಕ್ರ್ಯಾಗ್ 1978ರಲ್ಲಿ ಬಿಸಾಡಿದ ಪ್ಲಾಸ್ಟಿಕ್ ಚೂರುಗಳನ್ನು ಬಣ್ಣದ ಅನುಕ್ರಮದಲ್ಲಿ ನೆಲದ ಮೇಲೆ ಹರಡಿದ್ದರು. 1981ರಲ್ಲಿ ಅಂಥವೇ ಚೂರುಗಳಿಂದ ಬ್ರಿಟನ್ನಿನ ನಕ್ಷೆಯನ್ನು ಗೋಡೆಯ ಮೇಲೆ ಅಡ್ಡ ಮಲಗಿಸಿ, ಅದನ್ನು ನೋಡುತ್ತ ನಿಂತ ಮನುಷ್ಯಾಕೃತಿಯೊಂದನ್ನೂ ಸೇರಿಸಿದರು. 1977ರಲ್ಲೇ ಜರ್ಮನಿಯ ವೂಪರ್ಟಾಲ್‌ಗೆ ಹೋಗಿ ನೆಲೆಸಿದ್ದ ಅವರಿಗೆ ಸ್ವದೇಶವನ್ನು ಹೊರಗಿನಿಂದ ನೋಡುವ ದೂರ ಸಹಜವಾಗಿಯೇ ಒದಗಿತ್ತು. ನನಗೆ ಆ ದೂರವಿಲ್ಲ, ಮತ್ತು ಬಣ್ಣದ ಸಾಲು ನನ್ನ ಹಲಗೆಯ ಮೇಲೆ ಜಾತ್ರೆಯ ಬೆಂಡು ಬತ್ತಾಸಿನ ಅಂಗಡಿಯಂತೆ ಕಂಡಿತು. ಆದ್ದರಿಂದ ಯಾವ ಆಟಿಕೆ ಯಾವ ನೆಲದಲ್ಲಿ ಕೂರಬೇಕು ಎಂಬುದನ್ನೇ ವಿಂಗಡಣೆಯ ನಿಯಮವಾಗಿಸಿದೆ.

ಎಣಿಸಿ ನೋಡಿದಾಗ ಉತ್ತರ ತಾನಾಗಿ ಸಿಕ್ಕಿತು. ಚೀಲಗಳಲ್ಲಿ ಹಳದಿ ಜೆಸಿಬಿಗಳು ನಲವತ್ಮೂರು, ಎತ್ತು ಒಂದೂ ಇಲ್ಲ. ದನಗಳೇನೋ ಇವೆ, ಆದರೆ ಎಲ್ಲವೂ ‘ಫಾರ್ಮ್ ಸೆಟ್’ ಎಂಬ ಪೆಟ್ಟಿಗೆಯ ಕಪ್ಪು ಬಿಳುಪಿನ ಪರದೇಶಿ ಹಸುಗಳು, ಒಂದಕ್ಕೂ ಹಿಣಿಲಿಲ್ಲ. ಹಸುಗಳಿಗಿಂತ ಹೆಚ್ಚಾಗಿ ಉಳಿದುಕೊಂಡಿರುವುದು ಆ ಪೆಟ್ಟಿಗೆಯ ಜೊತೆಗೆ ಬರುವ ಬಿಳಿ ಬೇಲಿಯ ತುಂಡುಗಳು. ದನ ಕಳೆದು ಬೇಲಿ ಉಳಿದ ಈ ಸಂಗತಿಯನ್ನು ನಾನು ಹೊಂಚಿ ಮಾಡಿದ್ದಲ್ಲ. ಪೇರಲ ಹಣ್ಣಿಗೆ ಹೆಸರಾದ ನವಲೂರು, ಸತ್ತೂರು, ರಾಯಾಪುರಗಳ ಅಂಚಿನಲ್ಲಿ, ಎನ್.ಎ. (ಕೃಷಿಯೇತರ ಜಮೀನು) ಆದ ಹೊಲಗಳಲ್ಲಿ ಕಲ್ಲು ನೆಟ್ಟು ಸೈಟು ಹಂಚಿರುವ ಕಡೆ, ಆ ಬೇಲಿಗಳನ್ನು ಸಾಲಾಗಿ ನೆಟ್ಟಿದ್ದೇನೆ. ಜೆಸಿಬಿಗಳ ಕೈಗಳೆಲ್ಲ ಹೊರಗಿನ ಹೊಲಗಳತ್ತ ಚಾಚಿವೆ.

ಮಣ್ಣೆತ್ತಿನ ಅಮಾವಾಸ್ಯೆ

ಹೊಲಗಳಿಗೆ ಏನನ್ನು ಇಡಬೇಕೆಂಬ ಪ್ರಶ್ನೆ ಸಂತೆಯಲ್ಲಿ ಬಗೆಹರಿಯಿತು. ಮಣ್ಣೆತ್ತುಗಳ ಐದು ಜೋಡಿ ತಂದೆ. ಅದಕ್ಕೆ ಮೊದಲು ನಾನೇ ಎರೆಮಣ್ಣಿನಿಂದ ಮಾಡಿದ್ದ ಜೋಡಿ ಎರಡೇ ದಿನದಲ್ಲಿ ಕುತ್ತಿಗೆಯಲ್ಲಿ ಸೀಳಿಹೋಗಿತ್ತು. ನೀರು ಕುಡಿದಾಗ ಉಬ್ಬಿ ಒಣಗಿದಾಗ ಬಿರಿಯುವ ಗುಣ ಹೊಲದಲ್ಲಿದ್ದರೂ ಹಲಗೆಯ ಮೇಲಿದ್ದರೂ ಆ ಮಣ್ಣನ್ನು ಬಿಡುವುದಿಲ್ಲ. ಒಂದು ಜೋಡಿಯನ್ನು ಮನೆಯಲ್ಲಿ ಪೂಜೆಗೆ ಇಟ್ಟಿದ್ದಾಯಿತು, ಏಕೆಂದರೆ ತಂದ ಎತ್ತುಗಳನ್ನೆಲ್ಲ ಪೂಜೆಯಿಲ್ಲದೆ ಶಿಲ್ಪಕ್ಕೆ ಕೊಡಲು ತಾಯಿ ಒಪ್ಪಲಿಲ್ಲ.

ಉಳಿದ ನಾಲ್ಕು ಜೋಡಿಗಳು ಕಾಮಗಾರಿಯ ಲೆಕ್ಕವನ್ನೇ ಬದಲಿಸಿವೆ. ಸುಡದ ಮಣ್ಣಿಗೆ ತೂತು ಕೊರೆದರೆ ಒಡೆಯುತ್ತದೆ, ತಂತಿ ಬಿಗಿದರೆ ಕಾಲು ಮುರಿಯುತ್ತದೆ, ಅಂಟು ಹಾಕಿದರೆ ಮೇಲಿನ ಪುಡಿ ಮಾತ್ರ ಅಂಟಿಕೊಳ್ಳುತ್ತದೆ. ಗೋಡೆಗೆ ತೂಗಹಾಕುವ ಯೋಜನೆಯನ್ನು ಹೀಗಾಗಿ ಕೈಬಿಟ್ಟು, ಹಲಗೆಯನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಇಟ್ಟಿಗೆಗಳ ಮೇಲೆ ಮಲಗಿಸಿದ್ದೇನೆ. ನೋಡುವವರು ಈಗ ಬಗ್ಗಬೇಕು ಅಥವಾ ಕುಕ್ಕರಗಾಲಿನಲ್ಲಿ ಕೂರಬೇಕು. ತಂತಿ ಕಟ್ಟಲು ಖರ್ಚಾದ ದಿನಗಳು ವ್ಯರ್ಥವಾದವೆಂಬ ಬೇಸರ ಇನ್ನೂ ಹೋಗಿಲ್ಲ.

ಮಳೆಯ ತೇವಕ್ಕೆ ಎತ್ತುಗಳ ಸುಣ್ಣದ ಬಣ್ಣ ಪುಡಿಪುಡಿಯಾಗಿ ಉದುರುತ್ತಿದೆ. ಗಾಮನಗಟ್ಟಿಯ ಕಡೆಯ ಜೋಡಿಯನ್ನು ಬೆಳಿಗ್ಗೆ ಎತ್ತಿ ನೋಡಿದಾಗ ಅದರ ಕೆಳಗಿನ ಪ್ಲೈವುಡ್ ಮೇಲೆ ಎಂಟು ಗೊರಸುಗಳ ಮಣ್ಣಿನ ಗುರುತು ಮೂಡಿತ್ತು. ಅದನ್ನು ಒರೆಸಿಲ್ಲ, ಮುಂದಿನ ವಾರ ಉಳಿದ ಜೋಡಿಗಳನ್ನೂ ಸ್ವಲ್ಪ ಒದ್ದೆ ಮಾಡಿ ಇಟ್ಟು ನೋಡುತ್ತೇನೆ.