ಕಡಿಮೆ ದುಡ್ಡಿಗೆ ಮೊದಲ ಪಿಸ್ತೂಲು: ಅಮೆರಿಕದ ಲೆಕ್ಕ

ಕೈಯಲ್ಲಿ 500 ಡಾಲರ್ ಇದ್ದರೆ ಅಷ್ಟನ್ನೂ ಪಿಸ್ತೂಲಿಗೇ ಸುರಿಯಬೇಡಿ. ಅದಕ್ಕೆ ಸುಮಾರು 300 ಇಡಿ. ಉಳಿದದ್ದು ಗುಂಡು, ಬೀಗದ ಪೆಟ್ಟಿಗೆ, ಕಿವಿ-ಕಣ್ಣಿನ ರಕ್ಷಣೆ ಮತ್ತು ತರಬೇತಿಗೆ ಬೇಕು.

ಈ ಬೆಲೆಗೆ ಪೊಲೀಸ್ ಇಲಾಖೆಗಳು ಬಳಸಿ ಬಿಟ್ಟ ಗ್ಲಾಕ್, ಸ್ಮಿತ್ ಅಂಡ್ ವೆಸನ್ ಪಿಸ್ತೂಲುಗಳನ್ನು ಹುಡುಕಿ. ವರ್ಷಗಟ್ಟಲೆ ಸೊಂಟದಲ್ಲಿದ್ದು ಹೊರಮೈ ಸವೆದಿರುತ್ತದೆ, ಹಾರಿಸಿದ್ದು ಸಾಮಾನ್ಯವಾಗಿ ಕಡಿಮೆ. ಅನೇಕ ಇಲಾಖೆಗಳು 9 ಎಂಎಂ ಅಳತೆಯ ಗುಂಡಿಗೆ ಮರಳಿದ್ದರಿಂದ ಅದಕ್ಕಿಂತ ದಪ್ಪ ಗುಂಡಿನ .40 ಕ್ಯಾಲಿಬರ್‌ನವು ಅಗ್ಗ. ಆ ಉಳಿತಾಯ ಗುಂಡಿನ ಬೆಲೆಯಲ್ಲಿ ಕರಗಿಹೋಗುತ್ತದೆ, ಹಾರಿಸಿದಾಗ ಕೈಗೆ ಬೀಳುವ ಒದೆತವೂ ಜಾಸ್ತಿ. ಹೊಸಬರಿಗೆ 9 ಎಂಎಂ ವಾಸಿ.

ಕೊಳ್ಳುವ ಮುಂಚೆ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆಸಿ, ಚೇಂಬರ್ (ಹಾರುವ ಮುನ್ನ ಗುಂಡು ಕೂರುವ ಜಾಗ) ಖಾಲಿಯೆಂದು ಕಣ್ಣಾರೆ ನೋಡಿ. ನಳಿಕೆಯೊಳಗೆ ಟಾರ್ಚ್ ಬಿಡಿ: ಉಂಗುರದಂಥ ಉಬ್ಬು ಕಂಡರೆ ವಾಪಸ್ ಕೊಟ್ಟು ಬನ್ನಿ. ಹಳೇ ರಿಕಾಯ್ಲ್ ಸ್ಪ್ರಿಂಗ್ (ಹಾರಿಸಿದಾಗ ಹಿಂದೆ ಸರಿದ ಮೇಲ್ಭಾಗವನ್ನು ಮತ್ತೆ ಮುಂದೆ ತಳ್ಳುವ ಸ್ಪ್ರಿಂಗ್) ಬದಲಿಸುವುದು ಅಗ್ಗ. ಗುಂಡು ಸಿಕ್ಕಿಕೊಳ್ಳುತ್ತಿದ್ದರೆ ಮೊದಲು ಮ್ಯಾಗಜೀನ್ ಮೇಲೆ ಅನುಮಾನಪಡಿ. ರಾತ್ರಿ ಹೊಳೆಯುವ ಟ್ರಿಟಿಯಂ ಗುರಿಚುಕ್ಕೆಗಳು ಸುಮಾರು 12 ವರ್ಷಕ್ಕೆ ಅರ್ಧ ಮಂಕಾಗುತ್ತವೆ, ಅವಕ್ಕೆ ಹೆಚ್ಚು ಕೊಡಬೇಡಿ.

ಆನ್‌ಲೈನ್ ಬೆಲೆ ನೋಡಿ ಹಿಗ್ಗಬೇಡಿ. ಪಿಸ್ತೂಲು ಬರುವುದು ಪರವಾನಗಿ ಇರುವ ಅಂಗಡಿಗೆ, ಅವರ ವರ್ಗಾವಣೆ ಶುಲ್ಕ ಬೇರೆ. ಅಲ್ಲೇ ಫೆಡರಲ್ ಸರ್ಕಾರದ 4473 ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆಯೂ ಅಲ್ಲೇ. ವಯಸ್ಸು 21 ಆಗಿರಬೇಕು. ಕಾಯುವ ಅವಧಿ, ಪರ್ಮಿಟ್ ರಾಜ್ಯಕ್ಕೊಂದು ಥರ.

ಅಮೆರಿಕದಲ್ಲಿರುವ ನಮ್ಮವರು ಎಡವುವುದು ಇಲ್ಲಿ: ಎಚ್-1ಬಿ (ಕೆಲಸದ), ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು.