ಹಪ್ಪಳದ ಎಣ್ಣೆ ಮತ್ತು ನಿಧಿಯ ನಕ್ಷೆ

ಬೆಳಿಗ್ಗೆಯಿಂದ ಉಡುಪಿಯಲ್ಲಿ ಒಂದೇ ಸಮನೆ ಮಳೆ, ಕರೆಂಟೂ ಇಲ್ಲ. ಮಗಳು ಕಿಟಕಿ ಪಕ್ಕ ಕೂತು 'ಟ್ರೆಷರ್ ಐಲ್ಯಾಂಡ್' ಎಂಬ ಕಡಲ್ಗಳ್ಳರ ನಿಧಿಯ ಕಥೆ ಓದುತ್ತಿದ್ದಾಳೆ. ಓದುವುದಕ್ಕಿಂತ ಅದರಲ್ಲಿರುವ ದ್ವೀಪದ ನಕ್ಷೆ ನೋಡುವುದೇ ಜಾಸ್ತಿ. ಹಲಸಿನ ಹಪ್ಪಳದ ಎಣ್ಣೆ ಬೆರಳಲ್ಲಿ ದಾರಿ ಹುಡುಕಿ ಹುಡುಕಿ ಆ ದ್ವೀಪದ ನಡುವೆ ಒಂದು ಹೊಸ ಕೆರೆಯೇ ಆಗಿದೆ.

ಬೈಯಲು ಮನಸ್ಸು ಬರಲಿಲ್ಲ. ಆ ಕಥೆ ಹುಟ್ಟಿದ್ದೂ ಹೀಗೇ ಅಲ್ವಾ, 1881ರಲ್ಲಿ ಸ್ಕಾಟ್ಲೆಂಡಿನಲ್ಲಿ ಮಳೆ ಹಿಡಿದು ಮನೆಯೊಳಗೇ ಕೂತಿದ್ದಾಗ ಅದರ ಲೇಖಕ ಸ್ಟೀವನ್ಸನ್ ಮನೆಯ ಹುಡುಗನ ಜೊತೆ ಸುಮ್ನೆ ಬಣ್ಣ ಹಾಕುತ್ತಾ ಒಂದು ದ್ವೀಪದ ನಕ್ಷೆ ಬರೆದರು, ಕಥೆ ಆಮೇಲೆ ಬಂತು. ಪುಸ್ತಕವಾಗಿದ್ದು 1883ರಲ್ಲಿ.

ಈಗಿನ ಕೆಲವು ಮಾಯಾಲೋಕದ ಪುಸ್ತಕಗಳು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಕಷ್ಟ ಬಂದಾಗಲೆಲ್ಲ ಒಂದು ಮಂತ್ರ, ಎಲ್ಲ ಸರಿ. ಮಂತ್ರಕ್ಕೂ ಏನಾದರೂ ಲೆಕ್ಕ ಬೇಕಲ್ಲ ಮಾರಾಯ್ರೇ! ಕೊನೆಗೆ ನೀತಿಪಾಠ ಬೇರೆ. ಇಲ್ಲಿ ನೋಡಿ, ಕಥೆಯ ಹುಡುಗ ಜಿಮ್ ಸೇಬಿನ ಪೀಪಾಯಿಯೊಳಗೆ ಕೂತು ಕಡಲ್ಗಳ್ಳರ ಮಾತು ಕೇಳಿಸಿಕೊಳ್ಳುತ್ತಾನೆ. ಉಸಿರು ಬಿಗಿಹಿಡಿದರೆ ಬದುಕಿದ, ಅಷ್ಟೇ. ಆ ಪುಟಕ್ಕೆ ಬಂದಾಗ ಮಗಳು ಹಪ್ಪಳ ಅಗಿಯುವುದನ್ನೂ ನಿಲ್ಲಿಸಿದ್ದಳು, ಸದ್ದಾಗುತ್ತದೆ ಅಂತ.

ಈಗ ಹಳೆಯ ಕ್ಯಾಲೆಂಡರಿನ ಹಿಂದೆ ಮಲ್ಪೆ, ಅದರಾಚೆ ಸೇಂಟ್ ಮೇರೀಸ್ ದ್ವೀಪ ಬರೆಯುತ್ತಿದ್ದಾಳೆ. ಕಂಬದಂಥ ಕಲ್ಲುಗಳ ಮಧ್ಯೆ ಒಂದು ಕೆಂಪು ಗುರುತು. ಮಳೆಗಾಲದಲ್ಲಿ ಅಲ್ಲಿಗೆ ಬೋಟು ಬಿಡುವುದಿಲ್ಲ ಅಂದೆ.

"ಕಳ್ಳರಿಗೂ ಬಿಡುವುದಿಲ್ಲ ತಾನೇ?" ಅಂದಳು.