ಅಂಗಳಕ್ಕೆ ಬಂದ ಆರ್ಗನ್

ಬಯಲಿನಲ್ಲಿ ಒಂದು ಆರ್ಗನ್ ನಿಂತಿದೆ. ಕಾಲಲ್ಲಿ ತಿದಿ ಒತ್ತಿ ನುಡಿಸುವ ಹಳೇ ಕಾಲದ್ದು. ಸುತ್ತ ಗಂಡ, ಹೆಂಡತಿ, ಮಕ್ಕಳು. ಹಿಂದೆ ದನ, ಬಣವೆ, ಬೋಳು ದಿಬ್ಬ. ಎಲ್ಲಾ ಇದೆ, ಮನೆ ಮಾತ್ರ ಇಲ್ಲ.

ಇದು ಹಿಲ್ಟನ್ ಎಂಬ ಒಕ್ಕಲು ಕುಟುಂಬದ ಪಟ. 1880ರ ದಶಕದಲ್ಲಿ ಅಮೇರಿಕಾದ ನೆಬ್ರಾಸ್ಕಾ ರಾಜ್ಯದ ಕಸ್ಟರ್ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ತೆಗೆದದ್ದು. ಆ ಯಜಮಾನಿಗೆ ತಾವು ಮಣ್ಣಿನ ಮನೆಯಲ್ಲಿದ್ದೇವೆ ಅನ್ನುವುದು ಪೂರ್ವದ ಕಡೆ ಇದ್ದ ತನ್ನವರಿಗೆ ತಿಳಿಯುವುದು ಬೇಡವಾಗಿತ್ತು. ಆದರೆ ಮನೆಯಲ್ಲಿ ಆರ್ಗನ್ ಇದೆ ಅನ್ನುವುದು ತಿಳಿಯಲೇಬೇಕಿತ್ತು. ಅದಕ್ಕೇ ಅದನ್ನು ಹೊತ್ತು ಅಂಗಳಕ್ಕೆ ತಂದರು, ಪಟ ತೆಗೆಸಿದರು, ಮತ್ತೆ ಹೊತ್ತು ಒಳಗಿಟ್ಟರು.

ನಾನು ಇದೇ ರಾಜ್ಯದ ಲಿಂಕನ್ ಊರಿಗೆ ಬಂದು ನಾಲ್ಕು ವರ್ಷ. ನಿದ್ದೆ ಬಾರದ ಒಂದು ರಾತ್ರಿ ಫೋನಿನಲ್ಲಿ ಈ ಪಟ ಸಿಕ್ಕಿತು. ಓದಿ ಒಬ್ಬಳೇ ನಕ್ಕೆ. ರೋಣದ ಹತ್ತಿರದ ನಮ್ಮೂರಿನಲ್ಲಿ ನಮ್ಮವ್ವ ಮಾಡಿದ್ದೂ ಇದನ್ನೇ. 1983ರಲ್ಲಿ ಪೇಟೆಯಿಂದ ಫೋಟೋದವನನ್ನು ಕರೆಸಿದಾಗ ಗೋಡೆ ಕಾಣಬಾರದೆಂದು ನವಲಗುಂದದ ಜಮಖಾನ ಇಳಿಬಿಟ್ಟು, ಮುಂದೊಂದು ಸ್ಟೂಲ್ ಇಟ್ಟು, ಅದರ ಮೇಲೆ ಸೆಲ್ಲು ಮುಗಿದುಹೋಗಿದ್ದ ಮರ್ಫಿ ರೇಡಿಯೋ ಕೂರಿಸಿದ್ದಳು. ಅಪ್ಪನ ಕೈಯಲ್ಲಿದ್ದ ವಾಚು ಪಕ್ಕದ ಮನೆಯವರದು.

ಅಕ್ಟೋಬರದ ಒಂದು ಶನಿವಾರ ನಮ್ಮವರನ್ನು ಎಬ್ಬಿಸಿಕೊಂಡು ಹೊರಟೆ. ಲಿಂಕನ್‌ನಿಂದ ಗ್ರ್ಯಾಂಡ್ ಐಲೆಂಡ್, ಅಲ್ಲಿಂದ 2ನೇ ನಂಬರಿನ ಹೆದ್ದಾರಿ. ಮೂರು ತಾಸಿನ ದಾರಿ. ಹೆದ್ದಾರಿಯ ಪಕ್ಕದಲ್ಲೇ ವಯೋಮಿಂಗಿನ ಕಲ್ಲಿದ್ದಲು ಹೊತ್ತ ರೈಲುಗಳು ಬರುತ್ತಿರುತ್ತವೆ. ಎಣಿಸಲು ಶುರು ಮಾಡಿ ನೂರರ ಹತ್ತಿರ ಡಬ್ಬಿ ಲೆಕ್ಕ ತಪ್ಪಿ ಕೈಬಿಟ್ಟೆವು.

ಕಸ್ಟರ್ ಕೌಂಟಿ ನಮ್ಮ ಗದಗ ಜಿಲ್ಲೆಗಿಂತ ದೊಡ್ಡದು, ಹತ್ತಿರಹತ್ತಿರ ಒಂದೂವರೆ ಪಟ್ಟು. ಗದಗದಲ್ಲಿ 2011ರ ಗಣತಿಯ ಹೊತ್ತಿಗೇ 10 ಲಕ್ಷ ದಾಟಿ ಜನ. ಇಲ್ಲಿ 2020ರಲ್ಲಿ ಹತ್ತೂವರೆ ಸಾವಿರ. 1910ರಲ್ಲಿ 25 ಸಾವಿರ ದಾಟಿತ್ತಂತೆ. ಮುಖ್ಯ ಪಟ್ಟಣ ಬ್ರೋಕನ್ ಬೋ, ಅಂದರೆ ಮುರಿದ ಬಿಲ್ಲು. ಹೆವಿಟ್ ಎಂಬ ಕಮ್ಮಾರ ಅಂಚೆ ಕಚೇರಿಗೆಂದು ಕಳಿಸಿದ ಹೆಸರುಗಳೆಲ್ಲ ಒಂದಾದ ಮೇಲೊಂದು ವಾಪಸು ಬಂದವು. ಮನೆಯಲ್ಲಿ ಅಲ್ಲಿನ ಮೂಲನಿವಾಸಿ ಇಂಡಿಯನ್ನರ ಮುರಿದ ಬಿಲ್ಲೊಂದು ಬಿದ್ದಿತ್ತು, ಕೊನೆಗೆ ಅದನ್ನೇ ಹೆಸರು ಮಾಡಿ ಕಳಿಸಿದ. ಆ ಬಿಲ್ಲು ಹಿಡಿದವರ ಪಟಗಳನ್ನು ನಾನು ಅವತ್ತು ಹುಡುಕಿದೆ. ಈ ನೆಲದಲ್ಲಿ ಬೇಟೆಯಾಡುತ್ತಿದ್ದ ಪಾನಿ ಜನರನ್ನು 1870ರ ದಶಕದಲ್ಲೇ ದಕ್ಷಿಣಕ್ಕೆ, ಈಗಿನ ಓಕ್ಲಹೋಮಾ ಕಡೆಗೆ, ಸಾಗಿಸಿಯಾಗಿತ್ತು. ಕ್ಯಾಮೆರಾ ಬರುವ ಹೊತ್ತಿಗೆ ನೆಲ ಖಾಲಿ ಕಾಣುತ್ತಿತ್ತು. ಪಟಗಳಲ್ಲಿ ಆ ಬಯಲು ಅಷ್ಟು ನಿರ್ಜನವಾಗಿ ಕಾಣುವುದಕ್ಕೆ ಅದೂ ಒಂದು ಕಾರಣ.

ಕ್ಯಾಮೆರಾ ತಂದವನು ಸಾಲೋಮನ್ ಬುಚರ್. 1880ರಲ್ಲಿ ಅಪ್ಪನ ಜೊತೆ ಇಲ್ಲಿಗೆ ಬಂದು ಸರ್ಕಾರದ ಜಮೀನು ಹಿಡಿದ. 1862ರ ಹೋಮ್‌ಸ್ಟೆಡ್ ಕಾಯಿದೆಯಂತೆ ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಉತ್ತರೆ 160 ಎಕರೆ ನಿಮ್ಮದು. ಬುಚರ್‌ಗೆ ಐದು ವರ್ಷದ ಮಾತು ಹಾಗಿರಲಿ, ಕೆಲವು ವಾರಗಳಲ್ಲೇ ಸಾಕಾಯಿತು. ಒಕ್ಕಲುತನ ಒಗ್ಗಲಿಲ್ಲ, ಡಾಕ್ಟರಿಕೆ ಓದಲು ಹೋಗಿ ಅದನ್ನೂ ಬಿಟ್ಟ. 1886ರಲ್ಲಿ ತಲೆಗೆ ಒಂದು ಹುಚ್ಚು ಹತ್ತಿತು: ಇಡೀ ಕೌಂಟಿಯ ಚರಿತ್ರೆಯನ್ನು ಪಟಗಳಲ್ಲಿ ತೆಗೆಯಬೇಕು. ಅಪ್ಪನ ಬಂಡಿ ಕೇಳಿ ಪಡೆದು, ಪಟ ಮೂಡಿಸುವ ಗಾಜಿನ ಪ್ಲೇಟುಗಳನ್ನು ಹೇರಿಕೊಂಡು ಮನೆಮನೆ ತಿರುಗಿದ. ಇಂಥ ಮಗ ನಮ್ಮ ಕೇರಿಯಲ್ಲಿ ಹುಟ್ಟಿದ್ದರೆ ಏನನ್ನುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತು.

ಪಟ್ಟಣದ ಮ್ಯೂಸಿಯಮ್ಮಿಗಿಂತ ಮೊದಲು ನಾವು ಕಾಮ್‌ಸ್ಟಾಕ್ ಹತ್ತಿರದ ಡೌಸ್ ಮನೆಗೆ ಹೋದೆವು. 1900ರಲ್ಲಿ ಕಟ್ಟಿದ ಸಾಡ್ ಮನೆ, ಅಂದರೆ ಹುಲ್ಲುಹೆಂಟೆಯ ಮನೆ. ದುರಸ್ತಿ ಮಾಡಿ ನೋಡುವವರಿಗೆಂದು ಉಳಿಸಿದ್ದಾರೆ. ಮರವೇ ಇಲ್ಲದ ನಾಡು. ಆದರೆ ಹುಲ್ಲಿನ ಬೇರು ನೆಲವನ್ನು ಕಂಬಳಿಯಂತೆ ಹೆಣೆದಿತ್ತು. ಅದಕ್ಕೆಂದೇ ಮಾಡಿದ ನೇಗಿಲಿನಲ್ಲಿ ಅದನ್ನು ಪಟ್ಟಿಪಟ್ಟಿಯಾಗಿ ಸೀಳಿ, ಮೂರಡಿಗೊಂದರಂತೆ ಕಡಿದು, ಹುಲ್ಲು ಕೆಳಮುಖವಾಗಿ ಇಟ್ಟಿಗೆಯಂತೆ ಪೇರಿಸುತ್ತಿದ್ದರು. ಕುಚೋದ್ಯಕ್ಕೆ ಅದನ್ನು 'ನೆಬ್ರಾಸ್ಕಾದ ಅಮೃತಶಿಲೆ' ಅನ್ನುತ್ತಿದ್ದರಂತೆ. ಒಳಗೆ ಕಾಲಿಟ್ಟಾಗ ಹೊರಗಿನ ಗಾಳಿಯ ಸದ್ದು ಒಮ್ಮೆಗೇ ನಿಂತಿತು. ಗೋಡೆ ಅಷ್ಟು ದಪ್ಪ. ಕಿಟಕಿಯ ಅಂಚಿನಲ್ಲಿ ಒಂದು ಮಗುವನ್ನು ಮಲಗಿಸಬಹುದು. ನಾನು ಅಂಗೈ ಊರಿ ಸ್ವಲ್ಪ ಹೊತ್ತು ನಿಂತೆ. ಮಣ್ಣಿನ ಗೋಡೆಯ ತಂಪನ್ನು ಅಂಗೈ ಮರೆತಿರಲಿಲ್ಲ. ನಮ್ಮವರು, "ಇನ್ನು ಹೊರಡೋಣವಾ, ಅಥವಾ ಸಾರಿಸಿಯೇ ಬರ್ತೀಯಾ?" ಅಂದರು.

ಮಧ್ಯಾಹ್ನ ಬ್ರೋಕನ್ ಬೋಗೆ ಬಂದೆವು. ಮ್ಯೂಸಿಯಮ್ಮಿನಲ್ಲಿ ಒಂದಷ್ಟು ಪಟ ನೋಡಿದೆವು, ಉಳಿದದ್ದನ್ನು ಊಟದ ಮೇಜಿನಲ್ಲಿ ಫೋನು ಹಿಗ್ಗಿಸಿ. ಒಂದರಲ್ಲಿ ರಾಡಿಂಗ್ ಕುಟುಂಬ ಮೇಜು ಹೊರಗಿಟ್ಟು ಕಲ್ಲಂಗಡಿ ಕೊಯ್ದುಕೊಂಡು ಕೂತಿದೆ. ಹಿಂದೆ ಮಾಳಿಗೆಯ ಮೇಲೆ ಹಸು ನಿಂತಂತೆ ಕಾಣುತ್ತದೆ. ದಿಬ್ಬದ ಇಳಿಜಾರನ್ನು ಕೊರೆದು ಮನೆ ಮಾಡಿದರೆ ಹಾಗೇ. ಇನ್ನೊಂದರಲ್ಲಿ ಕ್ರಿಸ್ಮನ್ ಅಕ್ಕತಂಗಿಯರು ನಾಲ್ವರು ಸಾಲಾಗಿ, ಜೊತೆಗೆ ಜೀನು ಹಾಕಿದ ಕುದುರೆಗಳು. 21 ತುಂಬಿದ ಒಂಟಿ ಹೆಂಗಸೂ ತನ್ನ ಹೆಸರಿಗೇ ಜಮೀನು ಹಿಡಿಯಬಹುದಿತ್ತು, ಹಿಡಿದರು. ಕೊನೆಯವಳಿಗೆ ವಯಸ್ಸು ತುಂಬುವ ಹೊತ್ತಿಗೆ ಹಿಡಿಯಲು ನೆಲವೇ ಉಳಿದಿರಲಿಲ್ಲ. ಶೋರ್ಸ್ ಎಂಬ ಕಪ್ಪು ಕುಟುಂಬದ ಪಟ 1887ರದ್ದು. ಯಜಮಾನ ಗುಲಾಮನಾಗಿದ್ದವನು. ಅವನ ಸ್ವಂತ ಅಣ್ಣತಮ್ಮನೂ ಇದೇ ಕೌಂಟಿಯಲ್ಲಿ ಉಳುತ್ತಿದ್ದ, ಆದರೆ ಅಡ್ಡಹೆಸರು ಸ್ಪೀಸ್. ಬೇರೆಬೇರೆ ಒಡೆಯರಿಗೆ ಮಾರಾಟವಾಗಿದ್ದರಿಂದ ಒಡೆಯರ ಹೆಸರೇ ಅಂಟಿಕೊಂಡಿತ್ತು.

ಒಂದು ಪಟದ ಹತ್ತಿರ ಮಾತ್ರ ಇಬ್ಬರೂ ಸುಮ್ಮನಾದೆವು. ಆಂಡ್ರ್ಯೂಸ್ ಕುಟುಂಬ, 1887. ಅವರು ನಿಂತಿರುವುದು ಮನೆಯ ಮುಂದಲ್ಲ, ಸತ್ತ ಪುಟ್ಟ ಮಗನ ಸಮಾಧಿಯ ಬಳಿ. ಕುಟುಂಬದ ಪಟ ತೆಗೆಯಲು ಬಂದಿದ್ದಾನೆ, ಒಬ್ಬನನ್ನು ಬಿಟ್ಟು ಹೇಗೆ ತೆಗೆಸುವುದು ಅಂದುಕೊಂಡಿರಬೇಕು. ಕೆಲವರು ಆರ್ಗನ್ ತಂದರು, ಕೆಲವರು ಕಲ್ಲಂಗಡಿ ತಂದರು. ಇವರಿಗೆ ಹೊರಗೆ ತರಲಾಗದ್ದು ಇತ್ತು, ತಾವೇ ಹೋದರು.

ಬುಚರ್ ಸತ್ಯಸಂಧನೇನಲ್ಲ ಅನ್ನುವುದನ್ನೂ ಹೇಳಬೇಕು. ದನಗಾಹಿ ದೊಡ್ಡ ಕುಳಗಳ ತಂತಿಬೇಲಿಯನ್ನು ಒಕ್ಕಲಿಗರು ಕತ್ತರಿಸುತ್ತಿರುವ ಒಂದು ಪ್ರಸಿದ್ಧ ಪಟ ಇದೆ. ಘಟನೆ 1885ರದ್ದು, ಪಟ ಅದಾಗಿ ಎಷ್ಟೋ ವರ್ಷಕ್ಕೆ ಜನರನ್ನು ಸೇರಿಸಿ ನಾಟಕ ಆಡಿಸಿ ತೆಗೆದದ್ದು. ನನಗೇನೋ ಇದು ದೊಡ್ಡ ತಪ್ಪೆನಿಸಲಿಲ್ಲ. ಒಳ್ಳೆ ಅಂಗಿ ತೊಟ್ಟು ಆರ್ಗನ್ ಪಕ್ಕ ನಿಲ್ಲುವುದು ನಾಟಕವಲ್ಲದೆ ಇನ್ನೇನು?

1890ರ ದಶಕದ ಬರದಲ್ಲಿ ಪಟಕ್ಕೆ ಕಾಸು ಕೊಡುವವರು ಇಲ್ಲವಾದರು. 1899ರಲ್ಲಿ ಮನೆಗೆ ಬೆಂಕಿ ಬಿದ್ದು ಬರೆದಿಟ್ಟದ್ದೆಲ್ಲ ಸುಟ್ಟಿತು. ಗಾಜಿನ ಪ್ಲೇಟುಗಳು ಕಣಜದಲ್ಲಿದ್ದವು, ಉಳಿದವು. ಕೊನೆಗೆ ಅವನ್ನು ರಾಜ್ಯದ ಇತಿಹಾಸ ಸಂಘ ಕೊಂಡಿತು. 1927ರಲ್ಲಿ ಅವನು ತೀರಿಕೊಂಡಾಗ ಅವನದು ಗೆದ್ದ ಬಾಳು ಅನ್ನುವವರು ಯಾರೂ ಇರಲಿಲ್ಲ. ಈಚೆಗೆ ಆ ಪ್ಲೇಟುಗಳನ್ನು ಸ್ಕ್ಯಾನ್ ಮಾಡಿದಾಗ ಒಂದು ಬೆರಗು ಕಾದಿತ್ತು. ಪಟಗಳಲ್ಲಿ ಬರೀ ಕಪ್ಪಾಗಿ ಕಾಣುತ್ತಿದ್ದ ಬಾಗಿಲ ತೆರಪನ್ನು ಬೆಳಗಿಸಿ ದೊಡ್ಡದು ಮಾಡಿದರೆ ಮನೆಯ ಒಳಗಿನ ಸಾಮಾನು ಕಾಣುತ್ತದೆ. ಮುಚ್ಚಿಟ್ಟದ್ದೆಲ್ಲ ಅಲ್ಲೇ ಇದೆ, ಗಾಜಿನಲ್ಲಿ.

ರಾತ್ರಿ ಒಂಬತ್ತಕ್ಕೆ ಮನೆ ಸೇರಿದೆವು. ಹುಬ್ಬಳ್ಳಿಯಲ್ಲಿ ಆಗ ಬೆಳಗಿನ ಏಳೂವರೆ. ಅವ್ವ ಚಹಾ ಕುಡಿಯುತ್ತಿದ್ದಳು. ಪಟಗಳನ್ನು ಒಂದೊಂದಾಗಿ ಕಳಿಸಿದೆ.

"ಇವರೂ ಮಣ್ಣಿನ ಮನ್ಯಾಗ ಇದ್ರೇನು? ಅಮೇರಿಕಾದಾಗ?" ಅಂದಳು. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. "ಮಾಳಿಗಿ ಮ್ಯಾಲ ಎಷ್ಟ್ ಹುಲ್ಲು ಬೆಳದೈತಿ ನೋಡು. ಕೀಳಾಕ ಯಾರೂ ಇರಲಿಲ್ಲೇನು? ಬೇರು ಇಳದ್ರ ಸೋರತೈತಿ."

ಸೋರುತ್ತಿತ್ತಂತೆ, ಹಾವೂ ಬೀಳುತ್ತಿದ್ದವಂತೆ, ಅದಕ್ಕೇ ಕೆಳಗೆ ಬಟ್ಟೆ ಕಟ್ಟುತ್ತಿದ್ದರಂತೆ ಅಂದೆ.

"ಸವಳು ಮಣ್ಣು ಸಿಗತಿರಲಿಲ್ಲ ಕಾಣತೈತಿ, ಪಾಪ. ಉರುವಲಕ್ಕ ಏನ್ ಮಾಡ್ತಿದ್ರು, ಗಿಡಾನ ಇಲ್ಲಲ್ಲ?"

"ಒಣ ಸಗಣಿ, ಅವ್ವ."

"ಕುಳ್ಳು!" ಅಂತ ಬಾಯಿ ತುಂಬ ನಕ್ಕಳು. ಆಮೇಲೆ ಆರ್ಗನ್ ಕಥೆ ಹೇಳಿದೆ. ಈ ಸಲ ನಗಲಿಲ್ಲ. "ಮತ್ತ ಒಳಗ ಒಯ್ಯೂದು ಎಷ್ಟ್ ತ್ರಾಸು ಆಗಿರಬೇಕು" ಅಂದಳು ಅಷ್ಟೇ.

ನನ್ನ ಫೋನಿನಲ್ಲಿ ನಮ್ಮ 1983ರ ಪಟವೂ ಇತ್ತು, ಅಣ್ಣ ಸ್ಕ್ಯಾನ್ ಮಾಡಿಸಿ ಕಳಿಸಿದ್ದು. ಅದನ್ನು ಹಿಗ್ಗಿಸುತ್ತ ಹೋದೆ. ರೇಡಿಯೋ, ವಾಚು, ಅಪ್ಪನ ಬಿಗಿದ ತುಟಿ. ಜಮಖಾನ ನೆಲದವರೆಗೆ ಸಾಲದೆ ಕೆಳಗೆ ಗೇಣುದ್ದ ಗೋಡೆ ಉಳಿದಿತ್ತು. ಸಾರಿಸಿದ ಅಜ್ಜಿಯ ಬೆರಳ ಕಮಾನುಗಳು ಒಂದರ ಮೇಲೊಂದು, ಎಣಿಸುವಷ್ಟು ಸ್ಪಷ್ಟ. ಅಜ್ಜಿ ಆ ಪಟದಲ್ಲಿಲ್ಲ. ಎಷ್ಟು ಕರೆದರೂ ಬಂದು ಕೂತಿರಲಿಲ್ಲ.

ಅವ್ವನಿಗೂ ಅದನ್ನು ತೋರಿಸಿದೆ.

"ಕಾಣತೈತಲ್ಲ ಹಂಗಾರ" ಅಂದಳು. ತುಸು ಹೊತ್ತು ಸುಮ್ಮನಿದ್ದು, "ಅಷ್ಟ ಕತ್ತರಿಸಿ ಕಳಸು, ಗೋಡಿಗಿ ಹಾಕ್ತೀನಿ" ಅಂದಳು.

ಯಾವುದನ್ನು ಕತ್ತರಿಸಿ ಯಾವುದನ್ನು ಕಳಿಸಬೇಕು ಎಂದು ಕೇಳುವುದರೊಳಗೆ ಫೋನು ಇಟ್ಟಿದ್ದಳು.